ಕಾಚಂಪುಳಿಯ ಗುಣಮಟ್ಟ ಅಳೆಯುವುದು: ಸ್ನಾತಕೋತ್ತರ ಪ್ರಾಜೆಕ್ಟ್ ಮಾಡುವವರಿಗೆ

ಕೊಡಗಿನ ಪಂದಿ ಕರಿಯ (ಹಂದಿ ಮಾಂಸದ ಅಡುಗೆ) ಪಾತ್ರೆ ಇಳಿಸುವ ಮುಂಚೆ ಬೀಳುವ ಆ ಕಪ್ಪು, ದಪ್ಪ ಹುಳಿ, ಅಂದರೆ ಹಣ್ಣಿನ ರಸ ಬತ್ತಿಸಿ ಮಾಡುವ ಕಾಚಂಪುಳಿಯ ಮೇಲೆ ಎಂ.ಎಸ್ಸಿ ಪ್ರಾಜೆಕ್ಟ್ ಮಾಡಲು ಹೊರಡುವವರು ಬಹುಮಟ್ಟಿಗೆ ಒಂದೇ ಕಡೆ ನಿಂತುಬಿಡುತ್ತಾರೆ: ಟೈಟ್ರೇಶನ್ (ಎಷ್ಟು ಕ್ಷಾರ ಹಿಡಿಯುತ್ತದೆಂದು ನೋಡಿ ಆಮ್ಲ ಅಳೆಯುವುದು) ಮಾಡಿ, "ಆಮ್ಲತೆ ಶೇಕಡಾ ಇಷ್ಟು" ಎಂದು ಬರೆದು ಮುಗಿಸುತ್ತಾರೆ. ಸಿಟ್ರಿಕ್ ಆಮ್ಲದ ಪುಡಿಗೆ ಸುಟ್ಟ ಬೆಲ್ಲ ಕಲಸಿದರೂ ಅದೇ ಸಂಖ್ಯೆ ಬರುತ್ತದೆ. ಯಾವ ಆಮ್ಲ, ಯಾವ ರೂಪದಲ್ಲಿ, ಎಷ್ಟು ಕುದಿದು ಹಾಗಾಯಿತು ಎಂಬುದನ್ನು ಹೇಳಿದರೆ ಮಾತ್ರ ಅದು ಗುಣಮಟ್ಟದ ಮಾತು.

ಇದರ ಹಣ್ಣು ಕೊಡುವ ಮರ ಗಾರ್ಸೀನಿಯಾ ಗಮ್ಮಿ-ಗುಟ್ಟಾ. ಕೊಡವ ತಕ್ಕ್‌ನಲ್ಲಿ ಪಣಪುಳಿ, ಮಲೆನಾಡಿನ ಕಡೆ ಉಪ್ಪಾಗೆ. ಹಳೆಯ ಪ್ರಬಂಧಗಳನ್ನು ಹುಡುಕುವಾಗ ಗಾರ್ಸೀನಿಯಾ ಕ್ಯಾಂಬೋಜಿಯಾ ಎಂಬ ಹೆಸರಿನಲ್ಲೂ ಹುಡುಕಿ. ಇದರ ಹುಳಿ ಸಿಟ್ರಿಕ್ ಅಥವಾ ಟಾರ್ಟಾರಿಕ್ ಇರಬೇಕೆಂದು ಬಹುಕಾಲ ನಂಬಲಾಗಿತ್ತು. ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ತೋರಿಸಿದವರು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ಲೂಯಿಸ್ ಮತ್ತು ನೀಲಕಂಠನ್. ನಮ್ಮ ಪಕ್ಕದ ಊರಿನಲ್ಲೇ ನಡೆದ ಕೆಲಸ ಅದು. ಮೊದಲು ಅದನ್ನು ಓದಿ.

ಮಳೆಗಾಲವನ್ನು ನೋಡಿ ಪ್ರಾಜೆಕ್ಟ್ ಹಾಕಿಕೊಳ್ಳಿ

ಪ್ರಾಜೆಕ್ಟ್ ಸೆಮಿಸ್ಟರ್ ಸಾಮಾನ್ಯವಾಗಿ ಜನವರಿಯಲ್ಲಿ ಶುರು. ಹಣ್ಣು ಬೀಳುವುದು ಜೂನ್‌ನಿಂದ ಆಗಸ್ಟ್, ಕಕ್ಕಡ ಎಂಬ ಕೊಡವ ತಿಂಗಳಿನ ಸುತ್ತಲಿನ ಮಳೆಯಲ್ಲಿ. ಜನವರಿಯಲ್ಲಿ ವಿಷಯ ಆರಿಸಿದವರಿಗೆ ಸಿಗುವುದು ಅಂಗಡಿಯ ಬಾಟಲಿ ಮಾತ್ರ, ಅದರ ಚರಿತ್ರೆ ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಹಿಂದಿನ ಮಳೆಗಾಲದಲ್ಲೇ ಹಣ್ಣು ಕೂಡಿಸಿ ನಿಮ್ಮ ಕೈಯಿಂದಲೇ ಕಾಚಂಪುಳಿ ಮಾಡಿಟ್ಟುಕೊಳ್ಳಿ. ಇದಿಲ್ಲದೆ ಹೋಲಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ.

ಭಾಗಮಂಡಲ ಕಡೆಯಿಂದ ಒಂದು, ನಾಪೋಕ್ಲು ಕಡೆಯಿಂದ ಒಂದು, ಪೊನ್ನಂಪೇಟೆ ಕಡೆಯಿಂದ ಒಂದು, ಹೀಗೆ ಕನಿಷ್ಠ ಮೂರು ಜಾಗದಿಂದ ತಲಾ 10 ಕೆ.ಜಿ. ಹಳದಿಯಾಗಿ ತಾನೇ ಉದುರಿದ ಹಣ್ಣು ತನ್ನಿ. ಮೂರನ್ನೂ ಬೆರೆಸಬೇಡಿ. ಮನೆಗಳಲ್ಲಿ ಮಾಡುವಂತೆಯೇ ಹಣ್ಣನ್ನು ಬುಟ್ಟಿಯಲ್ಲಿ ತುಂಬಿ, ಕೆಳಗೆ ಪಾತ್ರೆ ಇಟ್ಟು, ಕೊಳೆಯುತ್ತಾ ತೊಟ್ಟಿಕ್ಕುವ ರಸ ಹಿಡಿಯಿರಿ. ಬುಟ್ಟಿಯ ಮೇಲೆ ಮಳೆನೀರು ಬೀಳಬಾರದು. ಬಿದ್ದರೆ ರಸ ಎಷ್ಟು ಪಟ್ಟು ಬತ್ತಿತು ಎಂಬ ಲೆಕ್ಕವೇ ಕೆಡುತ್ತದೆ. ರಸವನ್ನು ಬಟ್ಟೆಯಲ್ಲಿ ಸೋಸಿ, ತೂಗಿ, ಸ್ಟೀಲ್ ಪಾತ್ರೆಯಲ್ಲಿ ಕುದಿಸಿ. ಅಲ್ಯುಮಿನಿಯಂ ಬೇಡ, ಇಷ್ಟು ಹುಳಿಯಾದ ರಸ ಅದನ್ನು ಕರಗಿಸಿಕೊಳ್ಳುತ್ತದೆ.

ಕುದಿಯುವಾಗ ನಾಲ್ಕು ಸಲ ಮಾದರಿ ತೆಗೆಯಿರಿ: ಹಸಿ ರಸ, ತೂಕ ಅರ್ಧಕ್ಕೆ ಇಳಿದಾಗ, ಕಾಲು ಭಾಗಕ್ಕೆ ಇಳಿದಾಗ, ಚಮಚದಿಂದ ನೂಲಿನಂತೆ ಇಳಿಯುವ ಕೊನೆಯ ಹದದಲ್ಲಿ. ಗಡಿಯಾರದ ಹೊತ್ತಿಗಿಂತ ತೂಕವನ್ನು ನಂಬಿ, ಸೌದೆಯ ಉರಿ ಎರಡು ದಿನ ಒಂದೇ ಸಮ ಇರುವುದಿಲ್ಲ. ಪ್ರತಿ ಮಾದರಿಯನ್ನು ತಣಿಸಿ, ಗಾಜಿನ ಸಣ್ಣ ಶೀಶೆಗಳಲ್ಲಿ ಹಂಚಿ, ಮೈನಸ್ 20 ಡಿಗ್ರಿಯಲ್ಲಿಡಿ. ತಗಡಿನ ಮುಚ್ಚಳ ಹಾಕಬೇಡಿ. ಒಂದೇ ದೊಡ್ಡ ಬಾಟಲಿಯನ್ನು ಮತ್ತೆ ಮತ್ತೆ ಕರಗಿಸಿ ಬಳಸುವುದೂ ಬೇಡ.

ಮನೆಗಳಿಂದ ತರುವ ಮಾದರಿಗೆ 100 ಮಿ.ಲೀ. ಸಾಕು. ಯಾವ ವರ್ಷದ್ದು, ಮಣ್ಣಿನ ಮಡಕೆಯೋ ಲೋಹದ ಪಾತ್ರೆಯೋ, ಉಪ್ಪು ಹಾಕಿದ್ದಾರೆಯೇ, ಒಂದೇ ಮರದ ಹಣ್ಣೋ ಹಲವು ಮರಗಳದ್ದೋ ಎಂದು ಅಲ್ಲೇ ಕೇಳಿ ಬರೆದುಕೊಳ್ಳಿ. ಮನೆಯ ಹೆಸರು ನಿಮ್ಮ ಪುಸ್ತಕದಲ್ಲಿರಲಿ, ಪ್ರಬಂಧದಲ್ಲಿ ಸಂಕೇತ ಸಂಖ್ಯೆ ಮಾತ್ರ.

ಟೈಟ್ರೇಶನ್

ಪಿಪೆಟ್‌ನಲ್ಲಿ ಕಾಚಂಪುಳಿ ಅಳೆಯಬೇಡಿ. ಗೋಡೆಗೆ ಅಂಟಿ ಉಳಿಯುವುದು ಪ್ರತಿ ಸಲವೂ ಬೇರೆ ಬೇರೆ. 5 ಗ್ರಾಂ ಅನ್ನು ನಿಖರ ತಕ್ಕಡಿಯಲ್ಲಿ ತೂಗಿ, ಕುದಿಸಿ ಆರಿಸಿದ ಡಿಸ್ಟಿಲ್ಡ್ ನೀರಿನಲ್ಲಿ 250 ಮಿ.ಲೀ. ಮಾಡಿ, ಸೋಸಿ, 25 ಮಿ.ಲೀ. ತೆಗೆದುಕೊಳ್ಳಿ. ಅದರಲ್ಲಿ 0.5 ಗ್ರಾಂ ಕಾಚಂಪುಳಿ ಇರುತ್ತದೆ. ನೀರನ್ನು ಕುದಿಸಲು ಹೇಳುವುದು ಅದರಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಹೋಗಲೆಂದು, ಅದೂ ಆಮ್ಲವಾಗಿ ಲೆಕ್ಕಕ್ಕೆ ಸೇರುತ್ತದೆ.

ಬಣ್ಣ ಗಾಢವಾಗಿರುವುದರಿಂದ ಫಿನಾಲ್ಫ್ತಲೀನ್‌ನ ಗುಲಾಬಿ ಕಾಣುವುದಿಲ್ಲ. ಪಿಎಚ್ ಮೀಟರ್ ಇಟ್ಟು 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್‌ನಿಂದ 8.2ರವರೆಗೆ ಹೋಗಿ. ಮಡಿಕೇರಿಯ ಮಳೆಗಾಲದ ತೇವದಲ್ಲಿ ಹೈಡ್ರಾಕ್ಸೈಡ್ ಹರಳುಗಳು ತಕ್ಕಡಿಯ ಮೇಲೇ ನೀರು ಹೀರುತ್ತವೆ, ಆದ್ದರಿಂದ ತೂಗಿದ ಲೆಕ್ಕವನ್ನು ನಂಬಬೇಡಿ. ಒಣಗಿಸಿ ಡೆಸಿಕೇಟರ್‌ನಲ್ಲಿಟ್ಟ ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟ್ 0.4 ಗ್ರಾಂ ತೂಗಿ ಅದೇ ದಿನ ದ್ರಾವಣದ ಬಲ ಕಂಡುಕೊಳ್ಳಿ. ಬಲ ಸರಿಯಾಗಿ 0.1 ಇದ್ದರೆ ಸುಮಾರು 19.6 ಮಿ.ಲೀ. ಖರ್ಚಾಗಬೇಕು.

ಲೆಕ್ಕ: ಖರ್ಚಾದ ಮಿ.ಲೀ., ನಾರ್ಮಾಲಿಟಿ ಮತ್ತು 6.94 ಈ ಮೂರನ್ನೂ ಗುಣಿಸಿ, ಮಾದರಿಯ ಗ್ರಾಂನಿಂದ ಭಾಗಿಸಿ. ಹೈಡ್ರಾಕ್ಸಿಸಿಟ್ರಿಕ್ ಆಮ್ಲದ ಅಣುತೂಕ 208.1, ಆಮ್ಲ ಗುಂಪುಗಳು ಮೂರು, ಅಲ್ಲಿಂದ ಬಂದದ್ದು 6.94. ಉದಾಹರಣೆಗೆ 14.4 ಮಿ.ಲೀ. ಖರ್ಚಾದರೆ ಶೇ. 20.0. ಅದೇ 14.4 ಮಿ.ಲೀ. ಅನ್ನು ಸಿಟ್ರಿಕ್ ಆಮ್ಲವೆಂದು ಬರೆದರೆ ಶೇ. 18.4, ಅಸಿಟಿಕ್ ಆಮ್ಲವೆಂದು ಬರೆದರೆ ಶೇ. 17.3. ಯಾವ ಆಮ್ಲದ ಲೆಕ್ಕವೆಂದು ಹೇಳದ ಕೋಷ್ಟಕವನ್ನು ಇನ್ನೊಬ್ಬರ ಕೋಷ್ಟಕದ ಪಕ್ಕ ಇಡಲಾಗದು.

ಲ್ಯಾಕ್ಟೋನ್: ಹೆಚ್ಚು ಕಾಡುವ ಭಾಗ

8.2 ತಲುಪಿತು ಎಂದುಕೊಳ್ಳುತ್ತೀರಿ, ನೋಡುತ್ತಿದ್ದಂತೆ ಮೀಟರ್ ನಿಧಾನವಾಗಿ ಕೆಳಗಿಳಿಯುತ್ತದೆ. ಮತ್ತೆರಡು ಹನಿ ಹಾಕಿದರೆ ಮತ್ತೆ ಇಳಿಯುತ್ತದೆ. ಎಲೆಕ್ಟ್ರೋಡ್ ಕೆಟ್ಟಿದೆಯೆಂದು ಬೈಯುವ ಮುಂಚೆ ಕಾರಣ ತಿಳಿಯಿರಿ. ಕುದಿಸಿದಾಗ ಈ ಆಮ್ಲದ ಒಂದು ಭಾಗ ನೀರು ಕಳೆದುಕೊಂಡು ತನ್ನೊಳಗೇ ಉಂಗುರ ಕಟ್ಟಿ ಲ್ಯಾಕ್ಟೋನ್ ಆಗುತ್ತದೆ. ಅದರ ಅಣುತೂಕ 190.1, ಬಿಡಿಯಾಗಿ ಉಳಿದ ಆಮ್ಲ ಗುಂಪು ಎರಡೇ. ಕ್ಷಾರ ತಾಕಿದಾಗ ಉಂಗುರ ಮೆಲ್ಲಗೆ ಬಿಚ್ಚಿ ಮೂರನೆಯ ಗುಂಪು ಹೊರಬರುತ್ತದೆ. ಮೀಟರ್ ಇಳಿಯುವುದು ಅದಕ್ಕೇ.

ಈ ತೊಂದರೆಯನ್ನೇ ಅಳತೆಯಾಗಿ ಮಾಡಿಕೊಳ್ಳಬಹುದು. ಮೊದಲ ಟೈಟ್ರೇಶನ್ ಬೇಗ ಮುಗಿಸಿ, 8.2ರಲ್ಲಿ 30 ಸೆಕೆಂಡ್ ನಿಂತರೆ ಸಾಕು ಎಂಬ ನಿಯಮ ಇಟ್ಟುಕೊಂಡು ಎಲ್ಲ ಮಾದರಿಗೂ ಅದನ್ನೇ ಪಾಲಿಸಿ. ಆಮೇಲೆ ಅದೇ ಫ್ಲಾಸ್ಕಿಗೆ 10 ಮಿ.ಲೀ. ಹೆಚ್ಚುವರಿ ಕ್ಷಾರ ಹಾಕಿ ಬಿಗಿಯಾಗಿ ಮುಚ್ಚಿಡಿ. ಹೊತ್ತಾದ ಮೇಲೆ 0.1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಿಂದ ಹಿಂದಕ್ಕೆ 8.2ಕ್ಕೆ ತನ್ನಿ. ಮಾದರಿ ಇಲ್ಲದ ಫ್ಲಾಸ್ಕನ್ನೂ ಹೀಗೇ ನಡೆಸಿ, ವ್ಯತ್ಯಾಸ ತೆಗೆಯಿರಿ.

ಎಷ್ಟು ಹೊತ್ತು ಮುಚ್ಚಿಡಬೇಕು? ಇಲ್ಲೇ ಬಹಳ ಜನ ತಪ್ಪುವುದು. ಬೇಗ ಬಿಚ್ಚಲಿ ಎಂದು ಕುದಿಯುವ ನೀರಿನಲ್ಲಿಟ್ಟರೆ ರಸದ ಗ್ಲೂಕೋಸ್, ಫ್ರಕ್ಟೋಸ್ ಬಿಸಿ ಕ್ಷಾರದಲ್ಲಿ ಒಡೆದು ಹೊಸ ಆಮ್ಲಗಳಾಗುತ್ತವೆ. ಆ ಆಮ್ಲ ತಿಂದ ಕ್ಷಾರವೂ ಲ್ಯಾಕ್ಟೋನ್‌ನ ಖಾತೆಗೇ ಬೀಳುತ್ತದೆ. ಆದ್ದರಿಂದ ಕೋಣೆಯ ಉಷ್ಣತೆಯಲ್ಲೇ, ಒಂದೇ ಮಾದರಿಯ ಐದು ಫ್ಲಾಸ್ಕ್ ಇಟ್ಟು 15, 30, 60, 120, 240 ನಿಮಿಷಕ್ಕೆ ಒಂದೊಂದನ್ನು ತೆರೆಯಿರಿ. ಖರ್ಚಾದ ಕ್ಷಾರವನ್ನು ಗ್ರಾಫ್‌ನಲ್ಲಿ ಗುರುತಿಸಿದರೆ ಮೊದಲು ಕಡಿದಾದ ಏರು, ಆಮೇಲೆ ನಿಧಾನದ ನೇರ ಗೆರೆ ಕಾಣಬೇಕು. ಏರು ಲ್ಯಾಕ್ಟೋನ್‌ನದು, ನೇರ ಗೆರೆ ಸಕ್ಕರೆಯದು. ನೇರ ಗೆರೆಯನ್ನು ಹಿಂದಕ್ಕೆ ಸೊನ್ನೆ ನಿಮಿಷಕ್ಕೆ ಎಳೆದಾಗ ಸಿಗುವ ಮಿ.ಲೀ. ನಿಮಗೆ ಬೇಕಾದದ್ದು. 240 ನಿಮಿಷವಾದರೂ ಏರು ಮುಗಿಯದಿದ್ದರೆ 40 ಡಿಗ್ರಿಯ ನೀರಿನಲ್ಲಿ ಮತ್ತೊಮ್ಮೆ ಮಾಡಿ.

ಮೇಲಿನ ಉದಾಹರಣೆಯಲ್ಲಿ ಹೆಚ್ಚುವರಿ ಖರ್ಚು 2.1 ಮಿ.ಲೀ. ಎನ್ನೋಣ. ಅಂದರೆ 0.21 ಮಿಲಿಮೋಲ್, ಸುಮಾರು 40 ಮಿ.ಗ್ರಾಂ ಲ್ಯಾಕ್ಟೋನ್, ಶೇ. 8.0. ಮೊದಲ ಟೈಟ್ರೇಶನ್‌ನ 1.44 ಮಿಲಿಈಕ್ವಿವಲೆಂಟ್‌ನಲ್ಲಿ ಲ್ಯಾಕ್ಟೋನ್‌ನ ಪಾಲು 0.42. ಉಳಿದ 1.02 ಅನ್ನು ಮೂರರಿಂದ ಭಾಗಿಸಿದರೆ 0.34 ಮಿಲಿಮೋಲ್ ಬಿಡಿ ಆಮ್ಲ, ಶೇ. 14.2. ಒಟ್ಟು ಶೇ. 22.2. ಮೊದಲು ಬರೆದ ಶೇ. 20 ನಿಜಕ್ಕಿಂತ ಕಡಿಮೆಯಾಗಿತ್ತು, ಜೊತೆಗೆ ಎಷ್ಟು ಕುದಿದಿದೆ ಎಂಬ ಸುಳಿವನ್ನೂ ಮುಚ್ಚಿಟ್ಟಿತ್ತು. ಬೇರೆ ಆಮ್ಲವಿಲ್ಲ ಎಂದು ಒಪ್ಪಿಕೊಂಡ ಲೆಕ್ಕ ಇದು. ಆ ಒಪ್ಪಿಗೆ ಸರಿಯೇ ಎಂದು ನೋಡಲು ಎಚ್‌ಪಿಎಲ್‌ಸಿ ಬೇಕು, ಅಂದರೆ ದ್ರಾವಣದ ಆಮ್ಲಗಳನ್ನು ಒಂದೊಂದಾಗಿ ಬೇರ್ಪಡಿಸಿ, ಪ್ರತಿಯೊಂದನ್ನೂ ಗ್ರಾಫ್‌ನಲ್ಲಿ ಒಂದು ಶಿಖರವಾಗಿ (ಪೀಕ್) ತೋರಿಸುವ ಯಂತ್ರ.

ಎಚ್‌ಪಿಎಲ್‌ಸಿ

ಪೂರ್ತಿ ನೀರಿನ ದ್ರಾವಕವನ್ನು ತಡೆಯುವ ಬಗೆಯ ಸಿ-18 ಕಾಲಂ (ಆಮ್ಲಗಳು ಬೇರ್ಪಡುವ ಕೊಳವೆ, ಒಳಗೆ ಇಂಗಾಲದ ಸರಪಳಿಗಳ ಲೇಪ), ಪಿಎಚ್ 2.5ರ ಫಾಸ್ಫೇಟ್ ಬಫರ್, 210 ನ್ಯಾನೋಮೀಟರ್. ಸಾಧಾರಣ ಸಿ-18 ಹಾಕಿದರೆ ನೀರಿನಲ್ಲಿ ಅದರ ಸರಪಳಿಗಳು ಮಡಚಿಕೊಂಡು, ಬೆಳಿಗ್ಗೆ ಬಂದ ಸಮಯಕ್ಕೆ ಸಂಜೆ ಪೀಕ್ ಬರುವುದಿಲ್ಲ. ಮಾದರಿಯನ್ನು ಬಫರ್‌ನಲ್ಲೇ ತೆಳುಮಾಡಿ, 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಅದೇ ದಿನ ಚುಚ್ಚಿ. ತೆಳು ದ್ರಾವಣದಲ್ಲಿ ಆಮ್ಲ ಮತ್ತು ಲ್ಯಾಕ್ಟೋನ್ ಒಂದಕ್ಕೊಂದು ಬದಲಾಗುತ್ತಲೇ ಇರುತ್ತವೆ. ಹೊರಗಿನ ಪ್ರಯೋಗಾಲಯಕ್ಕೆ ಕಳಿಸುವುದಾದರೆ ತೆಳುಮಾಡದ ಕಾಚಂಪುಳಿಯನ್ನೇ ಐಸ್‌ನಲ್ಲಿಟ್ಟು ಕಳಿಸಿ, ತೆಳುಮಾಡಿದ ಹೊತ್ತು ಮತ್ತು ಚುಚ್ಚಿದ ಹೊತ್ತು ಎರಡನ್ನೂ ಬರೆದುಕೊಡಲು ಹೇಳಿ. ಪ್ರಮಾಣಕ ವಸ್ತು ಸಿಗುವುದು ಹೆಚ್ಚಾಗಿ ಕ್ಯಾಲ್ಸಿಯಂ ಲವಣವಾಗಿ. ಅದರ ತೂಕದಲ್ಲಿ ಕ್ಯಾಲ್ಸಿಯಂ ಮತ್ತು ನೀರಿನ ಪಾಲು ಕಳೆಯಲು ಮರೆತರೆ ನಿಮ್ಮ ಎಲ್ಲ ಮಾದರಿಗಳಲ್ಲೂ ಆಮ್ಲ ಹೆಚ್ಚು ಕಾಣುತ್ತದೆ.

ಐದಾರು ಮಾದರಿಗೊಮ್ಮೆ ಶೇ. 20 ಮೆಥನಾಲ್‌ನಿಂದ ಕಾಲಂ ತೊಳೆಯಿರಿ, ಮೊದಲು ಲವಣವನ್ನು ನೀರಿನಿಂದ ಕಳೆದು. ಕುದಿತದಲ್ಲಿ ಸಕ್ಕರೆಯಿಂದ ಹುಟ್ಟುವ ಎಚ್‌ಎಂಎಫ್ (ಹೈಡ್ರಾಕ್ಸಿಮೀಥೈಲ್‌ಫರ್‌ಫ್ಯೂರಾಲ್) ಅನ್ನು ಇನ್ನೊಂದು ಓಟದಲ್ಲಿ 284 ನ್ಯಾನೋಮೀಟರ್‌ನಲ್ಲಿ ನೋಡಿ.

ಕಲಬೆರಕೆಯನ್ನು ಹಿಡಿಯುವುದು

ದೊಡ್ಡ ಸಿಟ್ರಿಕ್ ಪೀಕ್ ಬಂದರೆ ನಿಂಬೆ ಅಥವಾ ಸಿಟ್ರಿಕ್ ಪುಡಿ, ಟಾರ್ಟಾರಿಕ್ ಬಂದರೆ ಹುಣಸೆ. ವಿನೆಗರ್ ಬೆರೆತಿದ್ದರೆ ಹಬೆಯಲ್ಲಿ ಬಟ್ಟಿ ಇಳಿಸಿದಾಗ ಅಸಿಟಿಕ್ ಆಮ್ಲ ಹೊರಬರುತ್ತದೆ. ಹಣ್ಣು ಕೊಳೆಯುವಾಗಲೂ ಒಂದಿಷ್ಟು ಹುಟ್ಟುತ್ತದೆ, ಅದರಲ್ಲಿ ಬಹುಪಾಲು ಕುದಿತದಲ್ಲಿ ಹೋಗುತ್ತದೆ. ಬೆಲ್ಲದ ಸುಳಿವು ಸುಕ್ರೋಸ್. ಇಷ್ಟು ಹುಳಿಯಲ್ಲಿ ಗಂಟೆಗಟ್ಟಲೆ ಕುದಿದ ಸುಕ್ರೋಸ್ ಒಡೆದು ಗ್ಲೂಕೋಸ್-ಫ್ರಕ್ಟೋಸ್ ಆಗಿರಬೇಕು. ಇನ್ನೂ ಇದ್ದರೆ ಆಮೇಲೆ ಸೇರಿಸಿದ್ದೆಂಬ ಅನುಮಾನ ಗಟ್ಟಿ. ಆದರೆ ಕೋಕಂ, ಅಂದರೆ ಪುನರ್ಪುಳಿ, ಬೆರೆಸಿದ್ದನ್ನು ಈ ಆಮ್ಲದಿಂದ ಹಿಡಿಯಲಾಗದು. ಅದರಲ್ಲೂ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೇ ಇದೆ.

ಇವನ್ನೆಲ್ಲ ಹೇಳುವ ಮುಂಚೆ ನೀವೇ ಮಾಡಿದ ಕಾಚಂಪುಳಿಗೆ ಸಿಟ್ರಿಕ್ ಆಮ್ಲವನ್ನು ತೂಕದಲ್ಲಿ ಶೇ. 2, 5, 10, 20ರಂತೆ ಬೆರೆಸಿ, ನಿಮ್ಮ ವಿಧಾನ ಎಲ್ಲಿಂದ ಹಿಡಿಯುತ್ತದೆಂದು ನೋಡಿ. ಶೇ. 5 ಕಾಣದ ವಿಧಾನದಿಂದ "ಕಲಬೆರಕೆ ಇಲ್ಲ" ಎಂದು ಬರೆಯುವ ಹಕ್ಕು ಬರುವುದಿಲ್ಲ.

ಬರೆಯುವಾಗ

ಒಂದೇ ಬಾಟಲಿಯನ್ನು ಮೂರು ಸಲ ಟೈಟ್ರೇಟ್ ಮಾಡಿದರೆ ಮೂರು ಮಾದರಿ ಆಗುವುದಿಲ್ಲ. ಅದು ನಿಮ್ಮ ಕೈಯ ಸ್ಥಿರತೆಯನ್ನು ತೋರಿಸುತ್ತದೆ, ಅಷ್ಟೆ. ಲೆಕ್ಕಕ್ಕೆ ಬರುವುದು ಒಂದು ಒಲೆಯ ಮೇಲೆ ಒಂದು ಸಲ ಬತ್ತಿಸಿದ ಪಾಕ. ಮೂರರ ಸರಾಸರಿಯನ್ನು ಒಂದು ಸಂಖ್ಯೆಯಾಗಿ ಇಟ್ಟು, ಪಾಕಗಳ ನಡುವೆ ಹೋಲಿಸಿ. ರಿಫ್ರ್ಯಾಕ್ಟೋಮೀಟರ್‌ನ ಬ್ರಿಕ್ಸ್ ಅನ್ನು ಸಕ್ಕರೆ ಎಂದು ಬರೆಯಬೇಡಿ. ಇಲ್ಲಿ ಅದು ಆಮ್ಲವನ್ನೂ ಓದುತ್ತದೆ, "ಕರಗಿದ ಘನಾಂಶ" ಎನ್ನಿ.

ದೇಹದ ತೂಕ ಇಳಿಸುವ ಮಾತನ್ನು ಪ್ರಬಂಧದಿಂದ ದೂರವಿಡಿ. ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಕೊಬ್ಬು ಕಟ್ಟುವ ಒಂದು ಕಿಣ್ವವನ್ನು ತಡೆಯುತ್ತದೆಂಬುದು 1960ರ ದಶಕದಿಂದ ಗೊತ್ತು. ಗಾರ್ಸೀನಿಯಾ ಮಾತ್ರೆ ನುಂಗಿದವರಲ್ಲಿ ಯಕೃತ್ತಿಗೆ ಪೆಟ್ಟಾದ ವರದಿಗಳೂ ಇವೆ. ಬಾಟಲಿಯಲ್ಲಿ ಏನಿದೆ ಎಂದು ಅಳೆದವರು ಅದು ದೇಹದಲ್ಲಿ ಏನು ಮಾಡುತ್ತದೆಂದು ಅಳೆದಿಲ್ಲ.

ಫಲಿತಾಂಶ ಬಂದ ಮೇಲೆ ಮಾದರಿ ಕೊಟ್ಟ ಪ್ರತಿ ಮನೆಗೂ ಅವರ ಬಾಟಲಿಯ ಅಂಕಿಗಳನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ತಲುಪಿಸಿ. ಲೋಹದ ಪಾತ್ರೆಯಿಂದ ಕಬ್ಬಿಣ ಅಥವಾ ತಾಮ್ರ ಇಳಿದದ್ದು ಕಂಡಿದ್ದರೆ ಮುಂದಿನ ಕಕ್ಕಡ ಬರುವ ಮುಂಚೆಯೇ ಹೇಳಿ. ಪಾತ್ರೆ ಬದಲಿಸಲು ಅವರಿಗೆ ಸಮಯ ಸಿಗಲಿ.