ಅಜ್ಜಿ ಹೋದ ಮೇಲೆ ತಾತನ ಜೊತೆ ಹೇಗಿರಬೇಕು

ಅಜ್ಜಿ ಹೋಗಿ ತಿಂಗಳಾದರೂ ತಾತ ಪೇಪರ್ ಬಿಚ್ಚಿರಲಿಲ್ಲ. ಕುರ್ಚಿ ಪಕ್ಕ ಮಡಿಕೆ ಮುರಿಯದ ಪೇಪರ್‌ಗಳ ಕಂತೆ. ಕಾರಣ ನನಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ತಾತ ಪದಬಂಧದ ಸುಳಿವು ಓದುತ್ತಿದ್ದರು, ಒಳಗಿನಿಂದ ಅಜ್ಜಿ ಉತ್ತರ ಕೂಗುತ್ತಿದ್ದರು.

ನಾನು ಮೊದಲು ಮಾಡಿದ್ದೆಲ್ಲ ತಪ್ಪೇ. ಕಣ್ಣಿಗೆ ಬೀಳದಿದ್ದರೆ ನೋವು ಕಡಿಮೆ ಅಂತ ಅಜ್ಜಿಯ ಕನ್ನಡಕ, ಸ್ವೆಟರ್ ಎಲ್ಲ ಬೀರುವಿಗೆ ಸೇರಿಸಿದೆ. ರಾತ್ರಿ ಎರಡು ಗಂಟೆಗೆ ತಾತ ಟಾರ್ಚ್ ಹಿಡಿದು ಆ ಕನ್ನಡಕ ಹುಡುಕುತ್ತಿದ್ದರು. ಹೋದವರ ವಸ್ತುಗಳನ್ನು ಕೇಳದೆ ಮುಟ್ಟಬೇಡಿ. ಯಾವುದು ಇರಬೇಕು, ಯಾವುದನ್ನು ಯಾರಿಗೆ ಕೊಡಬೇಕು ಅಂತ ಅವರೇ ಹೇಳಲಿ. ವರ್ಷ ಹಿಡಿದರೂ ಪರವಾಗಿಲ್ಲ.

ಅಜ್ಜಿಯ ಮಾತು ತೆಗೆಯಲು ಹೆದರಬೇಡಿ. 'ಇದಕ್ಕೆ ಅಜ್ಜಿ ಏನಂತಿದ್ದರು?' ಅಂತ ಕೇಳಿ. ತಾತ ಅತ್ತರೆ ಅಳಲಿ, ಸುಮ್ನೆ ಪಕ್ಕದಲ್ಲಿ ಕೂತಿರಿ. ಅಳಿಸಿದ್ದು ನೀವಲ್ಲ, ಅಳು ಒಳಗೇ ಇತ್ತು. 'ವಯಸ್ಸಾಗಿತ್ತಲ್ಲ' ಅಂತ ಮಾತ್ರ ದಯವಿಟ್ಟು ಹೇಳಬೇಡಿ. ವಯಸ್ಸು ತಾತನಿಗೂ ಆಗಿದೆ.

ಇನ್ನು ಮುಖ್ಯವಾದ ಕೆಲಸ: ಅವರಿಗೆ ಸಹಾಯ ಮಾಡುವುದಕ್ಕಿಂತ ಅವರ ಸಹಾಯ ಕೇಳಿ. ಒಂದು ದಿನ ಹತ್ತೂವರೆಗೆ ಫೋನ್ ಮಾಡಿದೆ. 'ತಾತ, ಎಡದಿಂದ ಬಲಕ್ಕೆ ಏಳನೆಯದು ಬರ್ತಿಲ್ಲ. ಕಮಲ, ನಾಲ್ಕು ಅಕ್ಷರ. ತಾವರೆ ಅಲ್ವಾ?'

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, 'ನಾಲ್ಕು ಮನೆ ಅಂತೀಯ, ತಾವರೆ ಅಂತೀಯ. ಎಣಿಸೋಕೆ ಬರಲ್ವಾ? ಸರಸಿಜ ಅಂತ ಬರಿ.'

ಅಷ್ಟು ದಿನಗಳಲ್ಲಿ ಅವರು ಬೈದದ್ದು ಅದೇ ಮೊದಲು. ನನಗೆ ಕುಣಿಯುವಷ್ಟು ಖುಷಿ. ಆದರೆ ಕೇಳುವ ಸಹಾಯ ನಿಜವಾಗಿ ಬೇಕಾದದ್ದೇ ಆಗಿರಬೇಕು. ನಾಟಕವಾದರೆ ಹಿರಿಯರಿಗೆ ಗೊತ್ತಾಗಿಬಿಡುತ್ತದೆ. ನನ್ನ ಪುಣ್ಯಕ್ಕೆ ನನಗೆ ಪದಬಂಧ ನಿಜವಾಗಿಯೂ ಬರುವುದಿಲ್ಲ. ನಿಮ್ಮ ತಾತನಿಗೆ ಹೊಲಿಗೆ ಗೊತ್ತಿರಬಹುದು, ಗಿಡ ಗೊತ್ತಿರಬಹುದು, ಅದನ್ನೇ ಕೇಳಿ. ಭಾನುವಾರ ಮೂರು ಗಂಟೆ ಕೂರುವುದಕ್ಕಿಂತ ದಿನಾ ಅದೇ ಹೊತ್ತಿಗೆ ಐದು ನಿಮಿಷ ಜಾಸ್ತಿ ಕೆಲಸ ಮಾಡುತ್ತದೆ. ಆ ಹೊತ್ತಿಗೆ ಅವರು ಕಾಯುತ್ತಾರೆ. ಕಾಯುವುದಕ್ಕೆ ಏನಾದರೂ ಇರಬೇಕು.

ಒಮ್ಮೆ ನನ್ನ ದಡ್ಡ ಉತ್ತರಕ್ಕೆ ತಾತ ಜೋರಾಗಿ ನಕ್ಕರು. ನಕ್ಕವರು ತಟ್ಟನೆ ಸುಮ್ಮನಾದರು, ತಪ್ಪು ಮಾಡಿದವರ ಹಾಗೆ. ಆಗ 'ನೋಡಿ, ನಕ್ಕಿರಿ!' ಅನ್ನಬೇಡಿ. ಗಮನಿಸದವರಂತೆ ಮುಂದಿನ ಸುಳಿವು ಓದಿ. ಮಾರ್ಗರೆಟ್ ಸ್ಟ್ರೋಬೆ, ಹೆಂಕ್ ಸ್ಕಟ್ ಎಂಬ ಸಂಶೋಧಕರು 1999ರಲ್ಲಿ ಬರೆದದ್ದೂ ಇದನ್ನೇ: ದುಃಖದಲ್ಲಿರುವವರ ಮನಸ್ಸು ಕಳೆದುಕೊಂಡದ್ದರ ಕಡೆಗೊಮ್ಮೆ, ಮುಂದಿನ ಬದುಕಿನ ಕಡೆಗೊಮ್ಮೆ ತೂಗಾಡುತ್ತಿರುತ್ತದೆ. ನಿನ್ನೆ ನಕ್ಕವರು ಇವತ್ತು ಹಾಸಿಗೆ ಬಿಟ್ಟು ಏಳದಿದ್ದರೆ ಎಲ್ಲಾ ಹಾಳಾಯಿತು ಅಂತಲ್ಲ.

ಅಜ್ಜಿ ಸದ್ದಿಲ್ಲದೆ ಏನೇನು ನೋಡಿಕೊಳ್ಳುತ್ತಿದ್ದರು ಅಂತಲೂ ಪಟ್ಟಿ ಮಾಡಿ. ತಾತನ ಬಿಪಿ ಮಾತ್ರೆ, ಕರೆಂಟ್ ಬಿಲ್ಲು, ಎಲ್ಲ ಅವರೇ. ವಾರದ ಮಾತ್ರೆ ಡಬ್ಬಿ ಒಂದು ತಂದಿಟ್ಟೆ, ಮುಗಿಯಿತು. ಕಿವಿ ವಿಷಯ ಮಾತ್ರ ತಡವಾಗಿ ಹೊಳೆಯಿತು. ಯಾರಾದರೂ ಹೇಳಿದ್ದನ್ನು ಅಜ್ಜಿ ಮತ್ತೆ ಜೋರಾಗಿ ಹೇಳುತ್ತಿದ್ದರು. ಅವರಿಲ್ಲದೆ ತಾತನಿಗೆ ಅರ್ಧ ಮಾತು ಕೇಳಿಸುತ್ತಲೇ ಇರಲಿಲ್ಲ, ನಾವು ಮೌನ ಅಂದುಕೊಂಡಿದ್ದೆವು. ಕಿವಿ ಪರೀಕ್ಷೆ ಮಾಡಿಸಿ.

ಸಂಗಾತಿ ಹೋದ ಮೊದಲ ಕೆಲವು ತಿಂಗಳು ಉಳಿದವರ ಜೀವಕ್ಕೂ ಅಪಾಯ ಹೆಚ್ಚು. ಊಟ ಬಿಟ್ಟರೆ, ಬಟ್ಟೆ ಸಡಿಲವಾಗುವಷ್ಟು ಇಳಿದರೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. 'ನಾನೂ ಹೋಗಿಬಿಡಬೇಕು' ಅಂದರೆ ಮಾತು ಬದಲಿಸಬೇಡಿ, ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ಅವತ್ತೇ ವೈದ್ಯರಿಗೆ ತೋರಿಸಿ. ಆರು ತಿಂಗಳು ದಾಟಿದರೂ ದುಃಖ ಒಂದಿಷ್ಟೂ ಸಡಿಲಾಗದೆ ದಿನದ ಕೆಲಸವೇ ನಿಂತಿದ್ದರೆ ಅದಕ್ಕೂ ಚಿಕಿತ್ಸೆ ಇದೆ.

ಈಗ ಹತ್ತೂಕಾಲಿಗೇ ತಾತನ ಫೋನ್ ಬರುತ್ತದೆ: 'ಇನ್ನೂ ಪೇಪರ್ ತೆಗೆದಿಲ್ವಾ?' ಕೆಲವು ಸುಳಿವಿಗೆ, 'ಇದು ಅವಳಿಗೆ ಗೊತ್ತಿರ್ತಿತ್ತು' ಅಂದು ಮುಂದೆ ಹೋಗುತ್ತಾರೆ. ಮರುದಿನ ಉತ್ತರ ಅಚ್ಚಾದರೂ ಆ ಮನೆಗಳನ್ನು ಅವರು ತುಂಬುವುದಿಲ್ಲ. ನನ್ನ ಪೇಪರಿನಲ್ಲಿ ನಾನೂ ಹಾಗೇ ಖಾಲಿ ಬಿಡುತ್ತೇನೆ.