ಮೊದಲು ನನ್ನ ಮುಖ ನೋಡು, ಚುಕ್ಕಿ

ನಮ್ಮ ನಾಯಿ ಚುಕ್ಕಿ ಮುಧೋಳ ತಳಿಯವಳು. ಕಣ್ಣನ್ನು ನಂಬಿ ಬೇಟೆಯಾಡುವ ತಳಿ ಅದು. ಮಂಡ್ಯದ ಪಕ್ಕ ನಾಲೆ ಏರಿಯ ಮೇಲೆ ಹೋಗುವಾಗ ಗದ್ದೆಯಿಂದ ಒಂದು ಬೆಳ್ಳಕ್ಕಿ ಎದ್ದರೆ ಸಾಕು, ಅವಳ ಪಾಲಿಗೆ ನಾನು ಇಲ್ಲವೇ ಇಲ್ಲ. ಅದಕ್ಕೇ 'ಕೂತ್ಕೊ', 'ನಿಲ್ಲು' ಎಲ್ಲಕ್ಕೂ ಮೊದಲು ನಾನು ಕಲಿಸಿದ್ದು ಒಂದೇ: ಹೆಸರು ಕೇಳಿದರೆ ನನ್ನ ಮುಖ ನೋಡುವುದು.

ಶುರು ಮಾಡಿದ್ದು ಮನೆಯೊಳಗೆ, ಟಿವಿ ಆರಿಸಿ, ಬಾಗಿಲು ಹಾಕಿ. ಕೋಳಿ ಲಿವರ್ ಬೇಯಿಸಿ ಕಡಲೆಕಾಳಿನಷ್ಟು ಚೂರು ಮಾಡಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ಉಪ್ಪು, ಖಾರ ಹಾಕುವುದಿಲ್ಲ. ಈರುಳ್ಳಿಯಂತೂ ನಾಯಿಗೆ ವಿಷ. ದಿನಾ ತಿನ್ನುವ ಮುದ್ದೆ ತೋರಿಸಿದರೆ ಅವಳು ಇಷ್ಟು ಚುರುಕಾಗುವುದಿಲ್ಲ. 'ಚುಕ್ಕಿ' ಅಂತ ಒಂದೇ ಸಲ ಕರೆಯುವುದು. ಕತ್ತು ತಿರುಗಿ ಕಣ್ಣಿಗೆ ಕಣ್ಣು ಸೇರಿದ ತಕ್ಷಣ 'ಭೇಷ್!', ಆಮೇಲೆ ಚೂರು. ಒಂದೆರಡು ಸೆಕೆಂಡ್ ತಡವಾದರೂ ಅವಳು ನೆಲ ಮೂಸುತ್ತಿರುತ್ತಾಳೆ, ಮೂಸಿದ್ದಕ್ಕೇ ಸಿಕ್ಕಿತು ಅಂದುಕೊಳ್ಳುತ್ತಾಳೆ.

ತಿರುಗದಿದ್ದರೆ ಮತ್ತೆ ಮತ್ತೆ ಕೂಗುವುದಿಲ್ಲ. ಕೂಗಿದಷ್ಟೂ ಹೆಸರಿಗೆ ಬೆಲೆ ಹೋಗುತ್ತದೆ. ಸುಮ್ನೆ ಎರಡು ಹೆಜ್ಜೆ ಹಿಂದಕ್ಕೆ ಸರಿಯುತ್ತೇನೆ. ಅಲುಗುವುದೇನಿದ್ದರೂ ಈ ತಳಿಯ ಕಣ್ಣು ಬಿಡುವುದಿಲ್ಲ, ಅಲ್ವಾ? ನನ್ನ ಹಿಂದೆಯೇ ಬರುತ್ತಾಳೆ.

ಕಷ್ಟವಾಗಿದ್ದು ಅವ್ವನನ್ನು ಒಪ್ಪಿಸುವುದು. ಅವಳಿಗೆ ದಿನವಿಡೀ ಚುಕ್ಕಿ ಜೊತೆ ಮಾತು ಬೇಕು. "ಹೆಸರಿಟ್ಟು ಕರೀಬಾರ್ದು ಅಂದ್ರೆ ಹೆಂಗ್ಲಾ ಮಗ?" ಅಂದಳು. ಕೊನೆಗೆ ಮುದ್ದಿಗೆ, ಹರಟೆಗೆ 'ಕೂಸೇ' ಅಂತಾಯಿತು. ಬೈಯುವಾಗ ಮನೆಯಲ್ಲಿ ಯಾರೂ ಅವಳ ಹೆಸರು ಎತ್ತುವ ಹಾಗಿಲ್ಲ.

ಆಮೇಲೆ ಅಭ್ಯಾಸ ನಾಲೆ ಏರಿಯ ಮೇಲೆ. ಉದ್ದ ಹಗ್ಗವನ್ನು ಎದೆಗೆ ಹಾಕುವ ಬೆಲ್ಟಿಗೇ ಕಟ್ಟುತ್ತೇನೆ. ಇವಳು ನುಗ್ಗುವ ರಭಸಕ್ಕೆ ಕೊರಳಪಟ್ಟಿಯಾದರೆ ಕತ್ತಿಗೆ ಪೆಟ್ಟಾಗುತ್ತದೆ. ಇಲ್ಲಿ ಎಲ್ಲವೂ ದೂರದ ಮೇಲೆ ನಿಂತಿದೆ. ಲಿವರ್ ಮೂಗಿನ ಹತ್ತಿರ ಹಿಡಿದರೂ ಬಾಯಿ ಹಾಕುತ್ತಿಲ್ಲ ಅಂದರೆ ಹಕ್ಕಿ ತೀರಾ ಹತ್ತಿರವಿದೆ ಅಂತ ಅರ್ಥ, ಹಿಂದೆ ಸರಿದುಬಿಡುತ್ತೇನೆ. ಬೆಳ್ಳಕ್ಕಿ ಕಂಡಾಗ ಅವಳ ಮುಂಗಾಲು ಒಂದು ಮೇಲೇಳುತ್ತದೆ, ಬೆನ್ನು ಬಿಗಿಯಾಗುತ್ತದೆ. ಪೂರ್ತಿ ಬಿಗಿಯಾದ ಮೇಲೆ ಕರೆದು ಉಪಯೋಗವಿಲ್ಲ. ಒಂದು ಕಿವಿ ನನ್ನ ಕಡೆ ಸ್ವಲ್ಪ ಹೊರಳಿದಾಗ ಮೆಲ್ಲಗೆ ಕರೆದರೆ ಕತ್ತೂ ಹೊರಳುತ್ತದೆ.

ಕರೆಯದೆಯೇ ಅವಳಾಗಿ ನೋಡಿದಾಗ ನನಗೆ ಎಲ್ಲಕ್ಕಿಂತ ಜಾಸ್ತಿ ಖುಷಿ. ಅದಕ್ಕೆ ಎರಡು ಚೂರು. ನಾಯಿ ಮತ್ತು ಸಾಕಿದವರು ಒಬ್ಬರನ್ನೊಬ್ಬರು ನೋಡಿಕೊಂಡಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಎಂಬ, ನಂಟು ಬೆಸೆಯುವ ಹಾರ್ಮೋನ್ ಹೆಚ್ಚುತ್ತದೆ ಎಂದು ಜಪಾನಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ್ದರು. ಆದರೆ ದುರುಗುಟ್ಟಿ ನೋಡಬಾರದು, ನಾಯಿಗೆ ಅದು ಬೆದರಿಕೆ.

ಅವಳೂ ನನಗೆ ಹೇಳುತ್ತಿರುತ್ತಾಳೆ. ನಿದ್ದೆ ಬಾರದೆಯೂ ಆಕಳಿಕೆ, ಮತ್ತೆ ಮತ್ತೆ ತುಟಿ ನೆಕ್ಕುವುದು, ಮುಖ ಪಕ್ಕಕ್ಕೆ ತಿರುಗಿಸುವುದು: ಸಾಕು ಅಂತ. ಅಲ್ಲಿಗೆ ಪಾಠ ನಿಲ್ಲಿಸಿ ಹುಲ್ಲು ಮೂಸಲು ಬಿಡುತ್ತೇನೆ.

ಈಗ ಬೆಳ್ಳಕ್ಕಿ ಎದ್ದರೂ ಹೆಚ್ಚಿನ ಸಲ ನನ್ನ ಕಡೆ ತಿರುಗುತ್ತಾಳೆ. ಸದ್ದು ಮಾಡಿಕೊಂಡು ಬರುವ ಕಬ್ಬಿನ ಟ್ರ್ಯಾಕ್ಟರ್ ಇನ್ನೂ ಕಷ್ಟ. ರಸ್ತೆಯಿಂದ ದೂರದ ತೆಂಗಿನ ತೋಟದಲ್ಲಿ ನಿಂತು ಅದರ ಅಭ್ಯಾಸ ನಡೆದಿದೆ.