ಪಾತ್ರೆ ಆಮೇಲೆ ಕೊಳ್ಳಿ, ಮೊದಲು ಕೀ ನೋಡಿಕೊಳ್ಳಿ: ಜರ್ಮನಿಗೆ ಓದಲು ಬಂದವರಿಗೆ

ಹೋದ ಅಕ್ಟೋಬರ್‌ನಲ್ಲಿ ಒಂದು ರಾತ್ರಿ ಹತ್ತೂವರೆಗೆ ಫೋನ್ ಬಂತು. ದಾವಣಗೆರೆ ಕಡೆಯ ಹುಡುಗಿ. ಜರ್ಮನಿಗೆ ಬಂದು ಹನ್ನೊಂದು ದಿನ ಆಗಿತ್ತು. "ಅಣ್ಣಾ, ಕಸ ಹಾಕೋಕೆ ಕೆಳಗೆ ಹೋಗಿದ್ದೆ, ಬಾಗಿಲು ಹಾಕ್ಕೊಂಡ್ಬಿಟ್ಟಿದೆ. ಕೀ ಒಳಗೇ ಇದೆ" ಅಂದಳು. ನಾನು ಮೊದಲು ಕೇಳಿದ್ದು ಒಲೆ ಆರಿಸಿದ್ದೀಯಾ ಅಂತ. ಆರಿಸಿದ್ದಳು. ಎರಡನೆಯದಾಗಿ ಕೇಳಿದ್ದು, ಗೂಗಲ್‌ನಲ್ಲಿ ಹುಡುಕಿ ಯಾರಿಗಾದರೂ ಫೋನ್ ಮಾಡಿದ್ದೀಯಾ ಅಂತ. ಇನ್ನೂ ಮಾಡಿರಲಿಲ್ಲ. ಆಗ ನನಗೆ ಜೀವ ಬಂದ ಹಾಗಾಯಿತು. ಆ ರಾತ್ರಿ ಅವಳು ಪಕ್ಕದ ರೂಮಿನವಳ ಹತ್ತಿರ ಮಲಗಿದಳು. ಬೆಳಿಗ್ಗೆ ಏಳೂವರೆಗೆ ಹೌಸ್‌ಮೈಸ್ಟರ್, ಅಂದರೆ ಕಟ್ಟಡ ನೋಡಿಕೊಳ್ಳುವಾತ, ಬಂದು ತನ್ನ ಕೀಯಿಂದ ತೆಗೆದುಕೊಟ್ಟ. ಒಂದು ಸೆಂಟ್ ಖರ್ಚಾಗಲಿಲ್ಲ. ಅದರ ಹಿಂದಿನ ವರ್ಷ ಇದೇ ಪರಿಸ್ಥಿತಿಯಲ್ಲಿ ಸಿಕ್ಕಿಕೊಂಡ ಹಾಸನದ ಹುಡುಗ 540 ಯೂರೋ ಕೊಟ್ಟಿದ್ದ.

ಜರ್ಮನಿಗೆ ಬರುವವರಿಗೆ ಅಡಾಪ್ಟರ್, ಕುಕ್ಕರ್, ಚಟ್ನಿಪುಡಿ ಬಗ್ಗೆ ಹೇಳುವವರು ತುಂಬಾ ಜನ ಇದ್ದಾರೆ. ಪಾಸ್‌ಪೋರ್ಟ್ ಕಳೆದರೆ ಪೊಲೀಸ್ ದೂರು, ಆಮೇಲೆ ನಮ್ಮ ಕಾನ್ಸುಲೇಟ್ ಅನ್ನುವುದೂ ಎಲ್ಲರಿಗೂ ಗೊತ್ತು. ಬ್ಯಾಂಕ್ ಕಾರ್ಡ್ ಕಳೆದರೆ 116 116ಕ್ಕೆ ಫೋನ್ ಮಾಡಿ ಬ್ಲಾಕ್ ಮಾಡಿಸಿ, ಅಷ್ಟೇ. ನಾನು ಬರೆಯಲು ಕೂತಿರುವುದು ಕೀ ಬಗ್ಗೆ. ಪ್ರತಿ ವರ್ಷ ಹೊಸದಾಗಿ ಬಂದವರು ನಾನು ಮಾಡಿದ ತಪ್ಪನ್ನೇ ಮಾಡುವುದನ್ನು ನೋಡಿ ನೋಡಿ ಸಂಕಟವಾಗಿದೆ.

ಮೊದಲು ಬಾಗಿಲಿನ ವಿಷಯ. ಇಲ್ಲಿನ ಬಾಗಿಲಿಗೆ ಹೊರಗಡೆ ತಿರುಗಿಸುವ ಹಿಡಿಕೆ ಇರುವುದಿಲ್ಲ. ಅಲುಗಾಡದ ಒಂದು ಗುಂಡಿ ಇರುತ್ತದೆ. ಗಾಳಿಗೆ ಬಾಗಿಲು ಮುಚ್ಚಿಕೊಂಡರೆ ಮುಗಿಯಿತು, ಕೀ ಇಲ್ಲದೆ ತೆಗೆಯಲು ಆಗುವುದಿಲ್ಲ. ನಮ್ಮೂರಲ್ಲಿ ಚಿಲಕ ಹಾಕಿ ಬೀಗ ಜಡಿದರೆ ಮಾತ್ರ ಮನೆಗೆ ಬೀಗ. ಆ ಅಭ್ಯಾಸ ಮೈಗೆ ಹತ್ತಿರುತ್ತದೆ. ಹಾಗಾಗಿ ಪಾರ್ಸೆಲ್ ತರಲು, ಕಸ ಹಾಕಲು, ಬಟ್ಟೆ ಒಗೆಯಲು ನೆಲಮಾಳಿಗೆಗೆ ಹೋಗುವಾಗ ಬರಿಗೈಯಲ್ಲಿ ಹೊರಡುತ್ತೇವೆ.

ಒಳಗೆ ಒಲೆ ಉರಿಯುತ್ತಿದ್ದರೆ ಯೋಚನೆ ಮಾಡಬೇಡಿ, 112ಕ್ಕೆ ಫೋನ್ ಮಾಡಿ ಅಗ್ನಿಶಾಮಕ ದಳ ಕರೆಸಿ. ಇಲ್ಲದಿದ್ದರೆ ಮೊದಲು ಹೌಸ್‌ಮೈಸ್ಟರ್, ಆಮೇಲೆ ಮನೆ ಮಾಲೀಕರು. ಹಾಸ್ಟೆಲ್ ಆದರೆ ನೋಟಿಸ್ ಬೋರ್ಡಿನಲ್ಲಿ ತುರ್ತು ನಂಬರ್ ಇರುತ್ತದೆ, ಅದರ ಫೋಟೋ ಇವತ್ತೇ ತೆಗೆದಿಟ್ಟುಕೊಳ್ಳಿ. ಇದು ಯಾವುದೂ ಆಗದಿದ್ದರೆ ಮಾತ್ರ ಶ್ಲ್ಯೂಸೆಲ್‌ಡೀನ್ಸ್ಟ್, ಅಂದರೆ ಬೀಗ ತೆಗೆಯುವವರು. ಇಂಟರ್ನೆಟ್‌ನಲ್ಲಿ ಎಲ್ಲಕ್ಕಿಂತ ಮೇಲೆ ಬರುವ ಜಾಹೀರಾತಿನವರನ್ನು ಕರೆಯಬೇಡಿ. "19 ಯೂರೋಯಿಂದ ಶುರು" ಅಂತ ಹಾಕಿರುತ್ತಾರೆ. ಬಂದ ಮೇಲೆ ದೂರದ ಖರ್ಚು, ರಾತ್ರಿ ಖರ್ಚು, ಸಾಮಾನಿನ ಖರ್ಚು ಅಂತ ಸೇರಿಸುತ್ತಾ ಹೋಗುತ್ತಾರೆ. ನಿಮ್ಮ ಊರಿನಲ್ಲೇ ಅಂಗಡಿ ಇಟ್ಟುಕೊಂಡಿರುವವರನ್ನು ಹುಡುಕಿ. ಫೋನ್‌ನಲ್ಲೇ "ಟ್ಸೂಗೆಫಾಲೆನ್" ಅಂತ ಹೇಳಿ, ಅಂದರೆ ಬಾಗಿಲು ಸುಮ್ನೆ ಮುಚ್ಚಿಕೊಂಡಿದೆ, ಕೀ ತಿರುಗಿಸಿ ಹಾಕಿಲ್ಲ ಅಂತ. ಪ್ರಯಾಣದ ಖರ್ಚೂ ಸೇರಿ ಒಟ್ಟು ಎಷ್ಟು ಅಂತ ಕೇಳಿ, "ಫೆಸ್ಟ್‌ಪ್ರೈಸ್", ಅಂದರೆ ಆಮೇಲೆ ಬದಲಾಗದ ಬೆಲೆ, ಹೇಳಿಸಿಕೊಳ್ಳಿ. ಹೀಗೆ ಮುಚ್ಚಿಕೊಂಡ ಬಾಗಿಲನ್ನು ಕೆಲಸ ಬಲ್ಲವನು ಕೆಲವೇ ನಿಮಿಷದಲ್ಲಿ ಏನೂ ಕೊರೆಯದೆ ತೆಗೆಯುತ್ತಾನೆ. ಬಂದವನು ನೇರವಾಗಿ ಡ್ರಿಲ್ ಕೈಗೆತ್ತಿಕೊಂಡರೆ ನಿಲ್ಲಿಸಿ. ಹೇಳಿದ್ದಕ್ಕಿಂತ ಜಾಸ್ತಿ ಕೇಳಿ, ಹೆದರಿಸಿ, ಕೈಯಲ್ಲೇ ದುಡ್ಡು ಕೊಡು ಅಂದರೆ 110ಕ್ಕೆ ಫೋನ್ ಮಾಡಿ ಪೊಲೀಸರನ್ನು ಕರೆಯಬಹುದು. ನಮ್ಮ ಮಕ್ಕಳು ಪೊಲೀಸ್ ಅಂದರೆ ವೀಸಾಗೆ ತೊಂದರೆ ಆಗುತ್ತೇನೋ ಅಂತ ಹೆದರಿ ದುಡ್ಡು ಕೊಟ್ಟು ಸುಮ್ಮನಾಗುತ್ತಾರೆ. ಮೋಸ ಹೋದವರು ದೂರು ಕೊಟ್ಟರೆ ವೀಸಾಗೆ ಏನೂ ಆಗುವುದಿಲ್ಲ.

ಇದು ಕೀ ಒಳಗೆ ಉಳಿದ ಕಥೆ. ಕೀ ಕಳೆದುಹೋಗುವುದು ಇದಕ್ಕಿಂತ ದೊಡ್ಡದು.

ನಾನು ಬಂದ ಮೊದಲ ಚಳಿಗಾಲದಲ್ಲಿ ಜಾಕೆಟ್ ಜೇಬಿನ ಹೊಲಿಗೆ ಬಿಚ್ಚಿತ್ತು. ಟ್ರಾಮ್ ಇಳಿದು ಹಾಸ್ಟೆಲ್ ಬಾಗಿಲಿಗೆ ಬರುವಷ್ಟರಲ್ಲಿ ಕೀ ಇರಲಿಲ್ಲ. ಮೊಬೈಲ್ ಬೆಳಕಿನಲ್ಲಿ ಹಿಮ ಕೆದಕಿ ಒಂದು ಗಂಟೆ ಹುಡುಕಿದೆ. ಸಿಗಲಿಲ್ಲ. ಮಾರನೇ ದಿನ ಆಫೀಸಿಗೆ ಹೋಗಿ, ಕೀ ಕಳೆದುಹೋಗಿದೆ, ಇನ್ನೊಂದು ಮಾಡಿಸಿಕೊಡಿ ಅಂದೆ. ಹತ್ತು ಯೂರೋ ಕೇಳಬಹುದು ಅಂದುಕೊಂಡಿದ್ದೆ. ನಮ್ಮಲ್ಲಿ ಬಸ್‌ಸ್ಟ್ಯಾಂಡ್ ಪಕ್ಕ ಕೊಡೆ ಕೆಳಗೆ ಕೂತ ಕೀ ರಿಪೇರಿಯವನು ಅರ ಹಿಡಿದು ಉಜ್ಜಿ ಐದು ನಿಮಿಷದಲ್ಲಿ ಕೈಗೆ ಕೊಡುತ್ತಾನಲ್ಲ, ಆ ಲೆಕ್ಕ ನನ್ನದು. ಅವರು ಒಂದು ಕಾಗದ ಮುಂದಿಟ್ಟು ಸಹಿ ಹಾಕಿ ಅಂದರು. ಹಾಕಿದೆ. ಎರಡು ವಾರಕ್ಕೆ ಪತ್ರ ಬಂತು. 1,140 ಯೂರೋ.

ಯಾಕೆ ಅಷ್ಟು? ಆ ಒಂದೇ ಕೀಯಿಂದ ನನ್ನ ರೂಮು, ಕೆಳಗಿನ ದೊಡ್ಡ ಬಾಗಿಲು, ಸೈಕಲ್ ಇಡುವ ಜಾಗ, ಬಟ್ಟೆ ಒಗೆಯುವ ಕೋಣೆ, ಎಲ್ಲಾ ತೆರೆಯುತ್ತಿತ್ತು. ಇದನ್ನು ಶ್ಲೀಸ್‌ಆನ್‌ಲಾಗೆ ಅನ್ನುತ್ತಾರೆ. ಇಡೀ ಕಟ್ಟಡದ ಬೀಗಗಳು ಒಂದೇ ಕುಟುಂಬದ ಹಾಗೆ. ಒಂದು ಕೀ ಯಾರ ಕೈಗಾದರೂ ಸಿಕ್ಕರೆ ಅಲ್ಲಿ ವಾಸಿಸುವ ಎಲ್ಲರಿಗೂ ಅಪಾಯ ಅಂತ ಲೆಕ್ಕ. ಇಂಥ ಕೀಗೆ ಒಂದು ಕಾರ್ಡ್ ಇರುತ್ತದೆ. ಆ ಕಾರ್ಡ್ ತೋರಿಸದೆ ಅಂಗಡಿಯವರು ನಕಲು ಮಾಡಿಕೊಡುವುದಿಲ್ಲ.

ನನ್ನ ಹತ್ತಿರ ಇನ್ಶೂರೆನ್ಸ್ ಇರಲಿಲ್ಲ. ಆರೋಗ್ಯ ವಿಮೆ ಕಡ್ಡಾಯ, ಅದು ಇದೆಯಲ್ಲ, ಸಾಕು ಅಂದುಕೊಂಡಿದ್ದೆ. ಬ್ಲಾಕ್ಡ್ ಅಕೌಂಟ್, ಅಂದರೆ ವೀಸಾಗೆ ಮೊದಲೇ ದುಡ್ಡು ಕಟ್ಟಿಟ್ಟು ತಿಂಗಳಿಗೆ ಇಷ್ಟೇ ಅಂತ ತೆಗೆಯುವ ಖಾತೆ, ಅದರಿಂದ 2025ರಲ್ಲಿ ತಿಂಗಳಿಗೆ 992 ಯೂರೋ ಸಿಗುತ್ತಿತ್ತು, ನಾನು ಬಂದಾಗ ಇನ್ನೂ ಕಡಿಮೆ. ಅಪ್ಪನಿಗೆ ಹೇಳಲಿಲ್ಲ. ಮೂರು ತಿಂಗಳು ಉಗ್ರಾಣದಲ್ಲಿ ರಾತ್ರಿ ಕೆಲಸ ಮಾಡಿ ತೀರಿಸಿದೆ. ಆ ಸೆಮಿಸ್ಟರ್‌ನಲ್ಲಿ ಎರಡು ಪರೀಕ್ಷೆ ಬಿಟ್ಟೆ.

ಆಮೇಲೆ ಗೊತ್ತಾದದ್ದು ಇನ್ನೂ ನೋವಿನ ವಿಷಯ. ಜರ್ಮನಿಯ ಅತ್ಯುನ್ನತ ಸಿವಿಲ್ ನ್ಯಾಯಾಲಯ 2014ರ ಮಾರ್ಚ್‌ನಲ್ಲಿ ಒಂದು ತೀರ್ಪು ಕೊಟ್ಟಿದೆ. ಬಾಡಿಗೆದಾರ ಕೀ ಕಳೆದರೂ, ಬೀಗಗಳನ್ನು ನಿಜವಾಗಿ ಬದಲಾಯಿಸಿದರೆ ಮಾತ್ರ ಆ ಖರ್ಚು ಕೇಳಬಹುದು. ಬರೀ ಅಂದಾಜು ಪಟ್ಟಿ ತೋರಿಸಿ ದುಡ್ಡು ಕೇಳುವ ಹಾಗಿಲ್ಲ. ಆ ಕೇಸಿನಲ್ಲೂ ಕೇಳಿದ್ದು ಸುಮಾರು ಒಂದೂವರೆ ಸಾವಿರ ಯೂರೋ, ಬೀಗ ಮಾತ್ರ ಬದಲಾಯಿಸಿರಲಿಲ್ಲ. ನನ್ನ ಕಟ್ಟಡದಲ್ಲೂ ಯಾರೂ ಬದಲಾಯಿಸಲಿಲ್ಲ. ಮರುವರ್ಷ ನಾನು ಬಿಟ್ಟು ಬರುವಾಗಲೂ ಪಕ್ಕದ ರೂಮಿನವನ ಕೈಯಲ್ಲಿ ಅದೇ ಹಳೇ ಕೀ ಇತ್ತು. ಆದರೆ ನಾನು ಸಹಿ ಹಾಕಿ, ದುಡ್ಡೂ ಕಟ್ಟಿ ಆಗಿತ್ತು.

ಆದ್ದರಿಂದ ಕೀ ಕಳೆದರೆ ತಕ್ಷಣ ತಿಳಿಸಿ, ಮುಚ್ಚಿಡಬೇಡಿ. ಮುಚ್ಚಿಟ್ಟು ಆಮೇಲೆ ಕಳ್ಳತನ ಆದರೆ ಇನ್ನೂ ಕಷ್ಟ. ಆದರೆ "ಎಲ್ಲಾ ಖರ್ಚು ನಾನೇ ಕೊಡುತ್ತೇನೆ" ಅನ್ನುವ ಯಾವ ಕಾಗದಕ್ಕೂ ಅಲ್ಲೇ ಸಹಿ ಹಾಕಬೇಡಿ. ಎಲ್ಲಿ, ಹೇಗೆ ಕಳೆಯಿತು ಅಂತ ಸರಿಯಾಗಿ ಬರೆದುಕೊಡಿ. ಕೆರೆಗೆ ಬಿದ್ದಿದ್ದರೆ, ನೋಡಿದವರಿದ್ದರೆ, ಅದನ್ನು ಬರೆಯಿರಿ, ಯಾಕೆಂದರೆ ಯಾರ ಕೈಗೂ ಸಿಗದ ಕೀಗೆ ಬೀಗ ಬದಲಾಯಿಸುವ ಕಾರಣ ಇರುವುದಿಲ್ಲ. ಬಿಲ್ ಬಂದರೆ, ಕೆಲಸ ಆಗಿದೆಯೇ, ಬೀಗದ ಅಂಗಡಿಯವರ ರಸೀದಿ ಎಲ್ಲಿ ಅಂತ ಇಮೇಲ್‌ನಲ್ಲಿ ಕೇಳಿ. ಎಷ್ಟೋ ಯೂನಿವರ್ಸಿಟಿಗಳಲ್ಲಿ ವಿದ್ಯಾರ್ಥಿ ಸಂಘದವರು ಪುಕ್ಕಟೆ ಕಾನೂನು ಸಲಹೆ ಕೊಡುತ್ತಾರೆ. ಅಲ್ಲಿಗೆ ಹೋಗಲು ಸಂಕೋಚ ಬೇಡ.

ಇದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಹಾಫ್ಟ್‌ಫ್ಲಿಖ್ಟ್ ವಿಮೆ. ನಮ್ಮಿಂದ ಬೇರೆಯವರಿಗೆ ಆದ ನಷ್ಟವನ್ನು ತುಂಬಿಕೊಡುವ ವಿಮೆ ಇದು. ಒಬ್ಬರಿಗೆ ವರ್ಷಕ್ಕೆ 50 ಯೂರೋ ಆಸುಪಾಸಿನಲ್ಲಿ ಸಿಗುತ್ತದೆ. ನೀವು ಜರ್ಮನ್ ಗೆಳೆಯರನ್ನು ಕೇಳಿದರೆ "ನಾನು ಮಾಡಿಸಿಲ್ಲ, ಬೇಕಾಗಿಲ್ಲ" ಅನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಮದುವೆಯಾಗದೆ ಮೊದಲ ಸಲ ಓದುತ್ತಿರುವ ಮಕ್ಕಳು ಸಾಮಾನ್ಯವಾಗಿ ಅಪ್ಪ ಅಮ್ಮನ ಪಾಲಿಸಿಯಲ್ಲೇ ಸೇರಿರುತ್ತಾರೆ. ತುಮಕೂರಿನಲ್ಲಿರುವ ನಮ್ಮ ಅಪ್ಪ ಅಮ್ಮನಿಗೆ ಅಂಥ ಪಾಲಿಸಿ ಎಲ್ಲಿಂದ ಬರಬೇಕು? ಈ ಒಂದು ಮಾತು ನಂಬಿ ನಷ್ಟ ಮಾಡಿಕೊಂಡವರನ್ನು ಐದಾರು ಜನರನ್ನಾದರೂ ನೋಡಿದ್ದೇನೆ.

ಪಾಲಿಸಿ ತೆಗೆದುಕೊಳ್ಳುವಾಗ ಬೆಲೆ ನೋಡಬೇಡಿ, ಒಳಗೆ "ಶ್ಲ್ಯೂಸೆಲ್‌ಫೆರ್ಲುಸ್ಟ್" ಅನ್ನುವ ಪದ ಇದೆಯಾ ನೋಡಿ. ಕೀ ಕಳೆದದ್ದು ಅಂತ ಅರ್ಥ. ಬಾಡಿಗೆ ಮನೆಯ ಕೀ, ಇಡೀ ಕಟ್ಟಡದ ಬೀಗ, ಎರಡೂ ಅದರಲ್ಲಿ ಬರಬೇಕು. ಎಷ್ಟು ಯೂರೋವರೆಗೆ ಕೊಡುತ್ತಾರೆ, ಅದರಲ್ಲಿ ನಿಮ್ಮ ಪಾಲೆಷ್ಟು ಅಂತಲೂ ನೋಡಿ. ಲ್ಯಾಬ್‌ನಲ್ಲಿ ಹಿವಿ, ಅಂದರೆ ವಿದ್ಯಾರ್ಥಿ ಸಹಾಯಕರಾಗಿ ಕೆಲಸ ಮಾಡುವವರಿಗೆ ಇನ್ನೊಂದು ಎಚ್ಚರಿಕೆ. ಯೂನಿವರ್ಸಿಟಿ ಕೊಟ್ಟ ಲ್ಯಾಬ್ ಕೀ ಕೆಲಸದ ಕೀ ಅಂತ ಲೆಕ್ಕ, ಮನೆ ಕೀ ಅಲ್ಲ. ಅದು ಬೇರೆಯಾಗಿ ಬರೆದಿದ್ದರೆ ಮಾತ್ರ ಸಿಗುತ್ತದೆ. ಯೂನಿವರ್ಸಿಟಿ ಕಟ್ಟಡದ ಬೀಗಗಳು ಎಷ್ಟಿರಬಹುದು ಯೋಚಿಸಿ.

ಈ ವಿಮೆಯ ಇನ್ನೊಂದು ಗುಣ ಕಡಿಮೆ ಜನಕ್ಕೆ ಗೊತ್ತು. ಬೇರೆಯವರು ಕೇಳಿದ್ದು ನ್ಯಾಯವೋ ಅಲ್ಲವೋ ಅಂತ ಕಂಪನಿಯವರೇ ಪರೀಕ್ಷೆ ಮಾಡುತ್ತಾರೆ. ಅನ್ಯಾಯವಾದರೆ ನಿಮ್ಮ ಪರವಾಗಿ ಅವರೇ ಎದುರಾಡುತ್ತಾರೆ. ನನಗೆ ಆಗ ಬೇಕಾಗಿದ್ದದ್ದು ಇದೇ. ಆದರೆ ಅವರಿಗೆ ತಿಳಿಸುವ ಮೊದಲು ನೀವೇ ಒಪ್ಪಿಕೊಂಡು ದುಡ್ಡು ಕಟ್ಟಬೇಡಿ. ಒಪ್ಪಂದ ವರ್ಷ ವರ್ಷ ತಾನಾಗಿ ಮುಂದುವರಿಯುತ್ತದೆ. ಬಿಡಬೇಕಾದರೆ ಒಂದರಿಂದ ಮೂರು ತಿಂಗಳು ಮೊದಲೇ ತಿಳಿಸಬೇಕು, ಪಾಲಿಸಿಯಲ್ಲಿ ಎಷ್ಟು ಅಂತ ಬರೆದಿರುತ್ತದೆ.

ಗಾಜಿನ ಒಲೆಯೂ ಇದೇ ಲೆಕ್ಕ. ಅಡಿಗೆಮನೆಯ ಒಲೆ ಮಾಲೀಕರದು. ಮೇಲಿನ ಕಪಾಟಿನಿಂದ ಮಿಕ್ಸಿ ಜಾರ್ ಬಿದ್ದು ಗಾಜು ಸೀಳಿದ್ದನ್ನು ಕಣ್ಣಾರೆ ನೋಡಿದ್ದೇನೆ. ಕೆಲವು ಪಾಲಿಸಿಗಳಲ್ಲಿ ಬಾಡಿಗೆ ಮನೆಯ ಗಾಜು ಹೊರಗಿರುತ್ತದೆ, ಕೇಳಿ ತೆಗೆದುಕೊಳ್ಳಿ. ಹತ್ತು ವರ್ಷದ ಹಳೇ ಒಲೆಗೆ ಹೊಸ ಒಲೆಯ ಪೂರ್ತಿ ಬೆಲೆ ಕೇಳಿದರೆ ಒಪ್ಪಬೇಡಿ. ಈಗಿನ ಬೆಲೆ ಎಷ್ಟೋ ಅಷ್ಟೇ ನಿಮ್ಮ ಜವಾಬ್ದಾರಿ. ಇನ್ನು ನಮ್ಮ ಸ್ವಂತ ಸಾಮಾನಿಗೆ ಇರುವುದು ಹೌಸ್‌ರಾಟ್ ವಿಮೆ. ಎರಡು ಪಾತ್ರೆ, ಒಂದು ಹಾಸಿಗೆ, ಒಂದು ಲ್ಯಾಪ್‌ಟಾಪ್ ಇರುವ ವಿದ್ಯಾರ್ಥಿಗೆ ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಕಳೆದ ಕುಕ್ಕರ್, ಕುರ್ಚಿ, ದೀಪ ಎಲ್ಲಾ ಕ್ಲೈನ್‌ಆನ್‌ಟ್ಸೈಗನ್ ಅನ್ನುವ ಹಳೇ ಸಾಮಾನಿನ ವೆಬ್‌ಸೈಟ್‌ನಲ್ಲಿ ಸಿಗುತ್ತದೆ. ಸೆಪ್ಟೆಂಬರ್ ಮತ್ತು ಮಾರ್ಚ್ ಕೊನೆಯಲ್ಲಿ ಮನೆ ಖಾಲಿ ಮಾಡುವವರು ರಸ್ತೆ ಪಕ್ಕ ಪೆಟ್ಟಿಗೆಯಲ್ಲಿಟ್ಟು "ಟ್ಸು ಫೆರ್‌ಶೆಂಕನ್" ಅಂತ ಬರೆದಿರುತ್ತಾರೆ, ಬೇಕಾದವರು ತಗೊಳ್ಳಿ ಅಂತ ಅರ್ಥ. ತಟ್ಟೆ ಲೋಟ ತನ್ನಿ. ಹಾಸಿಗೆ ಮಾತ್ರ ತರಬೇಡಿ, ತಿಗಣೆ ಬರುತ್ತದೆ.

ಬೀಗದ ವಿಷಯದಲ್ಲಿ ನಮ್ಮೂರಿನ ಪದ್ಧತಿಯೇ ಮೇಲು ಅಂತ ನನಗೆ ಈಗಲೂ ಅನ್ನಿಸುತ್ತದೆ. ಒಂದು ಕೀ ಕಳೆದರೆ ಒಂದು ಬೀಗ ಹೋಗುತ್ತದೆ, ಅಷ್ಟೇ. ಆದರೆ ಕಳೆದ ವಸ್ತು ತಿರುಗಿ ಸಿಗುವ ವಿಷಯದಲ್ಲಿ ಜರ್ಮನಿಗೆ ಕೈ ಮುಗಿಯಬೇಕು. 10 ಯೂರೋಗಿಂತ ಜಾಸ್ತಿ ಬೆಲೆಯ ವಸ್ತು ಸಿಕ್ಕಿದರೆ ಸಿಕ್ಕಿದವರು ತಿಳಿಸಲೇಬೇಕು ಅಂತ ಕಾನೂನಿದೆ. ಊರಿನ ಫುಂಡ್‌ಬ್ಯೂರೋಗೆ, ಅಂದರೆ ಕಳೆದ ವಸ್ತುಗಳನ್ನು ಇಟ್ಟುಕೊಳ್ಳುವ ಕಚೇರಿಗೆ, ಕೊಡುತ್ತಾರೆ. ಆರು ತಿಂಗಳಲ್ಲಿ ಯಾರೂ ಕೇಳದಿದ್ದರೆ ಸಿಕ್ಕಿದವರಿಗೇ ಆಗುತ್ತದೆ. ಕಳೆದುಕೊಂಡವರು ಸಿಕ್ಕಿದವರಿಗೆ 500 ಯೂರೋವರೆಗಿನ ಬೆಲೆಗೆ ನೂರಕ್ಕೆ 5, ಅದರ ಮೇಲಿನದಕ್ಕೆ 3 ಕೊಡಬೇಕು. ಟ್ರಾಮ್‌ನಲ್ಲಿ ಬಿಟ್ಟದ್ದು ಟ್ರಾಮ್‌ನವರ ಹತ್ತಿರ ಹೋಗುತ್ತದೆ. ರೈಲಿನಲ್ಲಿ ಬಿಟ್ಟದ್ದು ಕೊನೆಗೆ ವುಪರ್ಟಾಲ್ ಊರಿನಲ್ಲಿರುವ ರೈಲ್ವೆಯ ದೊಡ್ಡ ಫುಂಡ್‌ಬ್ಯೂರೋಗೆ ಸೇರುತ್ತದೆ, ಆನ್‌ಲೈನ್‌ನಲ್ಲಿ ದೂರು ಬರೆಯಬೇಕು.

ನನ್ನ ರೂಮ್‌ಮೇಟ್ ಒಬ್ಬ ಸ್ಟೀಲ್ ಊಟದ ಡಬ್ಬಿ ರೈಲಿನಲ್ಲಿ ಬಿಟ್ಟು ಬಂದಿದ್ದ. ಅವನ ಅಮ್ಮ ಪಾತ್ರೆ ಅಂಗಡಿಯಲ್ಲಿ ಅದರ ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಅವನ ಅಜ್ಜಿಯ ಹೆಸರು ಕೆತ್ತಿಸಿದ್ದರು, ಕನ್ನಡದಲ್ಲಿ. ದೂರಿನಲ್ಲಿ ಆ ಅಕ್ಷರಗಳ ಫೋಟೋ ಹಾಕಿದ. ಮೂರು ವಾರಕ್ಕೆ ಡಬ್ಬಿ ಪಾರ್ಸೆಲ್‌ನಲ್ಲಿ ಬಂತು, ಒಳಗೆಲ್ಲಾ ತೊಳೆದು ಒರೆಸಿತ್ತು. ಅವತ್ತು ಅವನು ಅದನ್ನು ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ಸುಮ್ನೆ ಕೂತಿದ್ದ.

ಪಾತ್ರೆ ಮೇಲೆ ಹೆಸರು ಇರಲಿ. ಕೀ ಗೊಂಚಲಿನ ಮೇಲೆ ಮಾತ್ರ ಹೆಸರು, ವಿಳಾಸ ಬರೆಯಬೇಡಿ, ರೂಮ್ ನಂಬರ್ ಅಂಟಿಸಬೇಡಿ. ವಿಳಾಸ ಇದ್ದರೆ ಸಿಕ್ಕಿದವನಿಗೆ ಮನೆ ಯಾವುದು ಅಂತ ಗೊತ್ತಾಗುತ್ತದೆ, ಆಗ ಬೀಗ ಬದಲಾಯಿಸಲೇಬೇಕು ಅಂತ ವಾದ ಮಾಡಲು ಮಾಲೀಕರಿಗೆ ಸುಲಭ. ಮನೆಗೆ ಸೇರುವ ದಿನ ಬರೆಯುವ ಹಸ್ತಾಂತರ ಪತ್ರದಲ್ಲಿ ಎಷ್ಟು ಕೀ ಕೊಟ್ಟರು, ಯಾವ ಯಾವ ಬಾಗಿಲಿನದು ಅಂತ ನಿಮ್ಮ ಕಣ್ಣೆದುರು ಎಣಿಸಿ ಬರೆಸಿ. ಅಂಚೆ ಪೆಟ್ಟಿಗೆಯ ಪುಟ್ಟ ಕೀ ಕೂಡ ಅದರಲ್ಲಿ ಬರಲಿ. ಬಿಟ್ಟು ಹೋಗುವ ದಿನ ಅಷ್ಟೂ ಕೀ ವಾಪಸ್ ಕೊಟ್ಟು ಸಹಿ ಹಾಕಿಸಿಕೊಳ್ಳಿ, ಡೆಪಾಸಿಟ್ ಅದರ ಮೇಲೆ ನಿಂತಿರುತ್ತದೆ. ಎರಡನೇ ಕೀ ಕೊಟ್ಟಿದ್ದರೆ ಅದನ್ನು ರೂಮಿನಲ್ಲಿ ಇಡಬೇಡಿ. ನಂಬಿಕೆಯ ಗೆಳೆಯರ ಹತ್ತಿರ ಕೊಟ್ಟಿಡಿ. ದಾವಣಗೆರೆಯ ಹುಡುಗಿಯ ಎರಡನೇ ಕೀ ಈಗ ನಮ್ಮ ಮನೆ ಅಡಿಗೆಮನೆಯ ಡ್ರಾಯರ್‌ನಲ್ಲಿದೆ.